ವಾಡಿ ಡಬ್ಬಿಯ ಎಂಟನೇ ದಿನ

ನನ್ನ ನೆನಪು ಒಮ್ಮೆ ಕೈಕೊಟ್ಟಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹನ್ನೆರಡು ಜನ ಸಾಕ್ಷಿಗಳಿದ್ದಾರೆ, ನನ್ನನ್ನೂ ಸೇರಿಸಿದರೆ ಹದಿಮೂರು.

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಸೀಮೆಯ ಶಾಸನಗಳ ಪಟ್ಟಿಯೊಂದನ್ನು ನಾವು ಕೆಲವು ನಿವೃತ್ತರು ಸ್ವಂತ ಆಸಕ್ತಿಯಿಂದ ಸಿದ್ಧಪಡಿಸುತ್ತಿದ್ದೇವೆ. ಪ್ರತಿಯೊಂದು ಶಾಸನದ ಕಾಲವನ್ನು ಪರಿಶೀಲಿಸುವ ಹೊಣೆ ನನ್ನದು. ಕಲ್ಲಿನ ಮೇಲೆ ಶಕವರ್ಷ, ಸಂವತ್ಸರದ ಹೆಸರು, ತಿಥಿ, ವಾರ ಇರುತ್ತವೆ. ಈ ನಾಲ್ಕೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಇಂದಿನ ಲೆಕ್ಕದ ತೇದಿಯನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತೇನೆ. ತಾಳೆಯಾಗದಿದ್ದರೆ ಆ ಕಲ್ಲಿನ ಮುಂದೆ ಜಾಗ ಖಾಲಿ ಬಿಡುತ್ತೇನೆ. ನೌಕರಿಯಲ್ಲಿದ್ದಾಗಲೂ ಮಾಡಿದ್ದು ಇದನ್ನೇ.

ಕಳೆದ ಶ್ರಾವಣದಲ್ಲಿ ಚಿತ್ತಾಪುರದಲ್ಲಿ ನಡೆದ ಸಭೆಯಲ್ಲಿ ಒಂದು ಕಲ್ಲಿನ ಕಾಲವನ್ನು ಬಾಯಿಲೆಕ್ಕದಲ್ಲಿಯೇ ಹೇಳುತ್ತ, ವಿಳಂಬಿ, ವಿಕಾರಿ ಎಂದವಳು ಅಲ್ಲಿಗೆ ನಿಂತುಬಿಟ್ಟೆ. ಅರವತ್ತು ಸಂವತ್ಸರಗಳನ್ನು ನಾನು ಶಾಲೆಗೆ ಸೇರುವ ಮೊದಲೇ ಕಲಿತಿದ್ದೆ. ಮುಂದಿನ ಹೆಸರು ಬರಲೇ ಇಲ್ಲ. ಎಲ್ಲರೂ ಕಾದರು. ಯಾರೋ ಒಬ್ಬರು ಸದ್ದಿಲ್ಲದೆ ನೀರಿನ ಲೋಟವೊಂದನ್ನು ನನ್ನ ಕಡೆಗೆ ಸರಿಸಿದರು. ಮರೆತದ್ದಕ್ಕಿಂತ ಆ ನೀರಿನ ಲೋಟಕ್ಕೇ ನನಗೆ ಇಂದಿಗೂ ಸಿಟ್ಟಿದೆ.

ವಾರ ಕಳೆಯುವಷ್ಟರಲ್ಲಿ ನಮ್ಮ ತಂಡದ ಸಂಚಾಲಕರು ಸೇಡಂನ ನನ್ನ ಮನೆಗೆ ಬಂದರು. ಚಿತ್ತಾಪುರದವರು, ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಮಾತಿನಲ್ಲಿ ಸೌಜನ್ಯ ತಪ್ಪದವರು. ಆ ದಿನ ವಾಡಿಯಿಂದ ನನ್ನ ತಮ್ಮನೂ ಬಂದಿದ್ದ. ಅವನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು; ನಿವೃತ್ತಿಯ ನಂತರವೂ ಜಗತ್ತನ್ನು ಗಾಡಿಯ ಕೊನೆಯ ಡಬ್ಬಿಯಿಂದಲೇ ನೋಡುತ್ತಾನೆ.

“ಮೇಡಂ, ನೀವು ಭಾಳ ದುಡದೀರಿ,” ಎಂದರು ಸಂಚಾಲಕರು. “ಇನ್ನ ಜರಾ ಆರಾಮ ತಗೋರಿ. ರಿಜಿಸ್ಟರ್ ನಾ ಒಯ್ತೀನಿ.”

“ಆರಾಮ ಬೇಕಂತ ನಾ ಕೇಳೀನೇನ್ರಿ ಸರ?”

“ಕೇಳಿಲ್ರಿ. ಆದ್ರ ಮೊನ್ನಿ ಸಭಾದಾಗ...”

“ಮೊನ್ನಿ ಒಂದ್ ಹೆಸರು ಮರ್ತೆ. ಅರವತ್ತರಾಗ ಒಂದು.”

“ಅದೊಂದೇ ಅಲ್ರಿ. ರಿಜಿಸ್ಟರ್‌ನಾಗ ಎರಡು ಕಲ್ಲಿನ ತಾರೀಖು ಒಂದೊಂದ್ ವರ್ಷ ತಪ್ಪ್ಯಾವ. ನಾ ಹೇಳಬಾರದಂತ ಇದ್ದೆ.”

ತಮ್ಮ ಚಾದ ಕಪ್ಪನ್ನು ಕೆಳಗಿಟ್ಟು, “ಸರ, ನಮ್ಮಕ್ಕನ ಕೈಯಾಗಿನ ರಿಜಿಸ್ಟರ್ ಕಸಗೊಳ್ಳೋದಂದ್ರ ಓಡೋ ಗಾಡಿ ಇಂಜಿನ್ ಬಿಚ್ಚಿದಂಗ. ಹುಷಾರ್,” ಎಂದ.

ನಾನು ಒಂದು ಕರಾರು ಹಾಕಿದೆ. ಆರು ತಿಂಗಳು ರಿಜಿಸ್ಟರು ನನ್ನಲ್ಲಿಯೇ ಇರಲಿ. ಆ ಅವಧಿಯಲ್ಲಿ, ನನಗೆ ಒಂದಕ್ಷರವೂ ಗೊತ್ತಿಲ್ಲದ ಯಾವುದಾದರೂ ಲಿಪಿಯ ಮುನ್ನೂರು ಅಕ್ಷರಗಳನ್ನು ಕಲಿಯುತ್ತೇನೆ. ಸಂಚಾಲಕರೇ ಬಂದು ಅವುಗಳಲ್ಲಿ ಮೂವತ್ತನ್ನು ತಾವೇ ಎತ್ತಿ ಕೇಳಲಿ. ಮೂರಕ್ಕಿಂತ ಹೆಚ್ಚು ತಪ್ಪಿದರೆ ರಿಜಿಸ್ಟರನ್ನು ನಾನೇ ಚಿತ್ತಾಪುರಕ್ಕೆ ಒಯ್ದು ಕೊಡುತ್ತೇನೆ. ಅವರು ನಕ್ಕು ಒಪ್ಪಿದರು. ಆ ನಗೆಯನ್ನೂ ನಾನು ಡೈರಿಯಲ್ಲಿ ಬರೆದಿಟ್ಟೆ, ವಾರ ಮತ್ತು ತಿಥಿಯ ಸಮೇತ.

ಲಿಪಿ ಯಾವುದೆಂದು ಯೋಚಿಸಬೇಕಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸನ್ನತಿಯ ಬೌದ್ಧ ಸ್ತೂಪದ ಉತ್ಖನನದ ಜಾಗವನ್ನು ನೋಡಲು ಜಪಾನಿನಿಂದ ಬಂದಿದ್ದ ಯಾತ್ರಿಕರಿಗೆ ನಾನು ಅಲ್ಲಿಯ ಕಲ್ಲುಗಳನ್ನು ತೋರಿಸಿದ್ದೆ. ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು ನನ್ನ ಡೈರಿಯ ಹಾಳೆಯಲ್ಲಿ ಒಂದೇ ಒಂದು ಸಾಲು ಬರೆದು, ತಲೆಬಾಗಿ ಹೋಗಿದ್ದರು. ಅಕ್ಷರ ಓದುವುದನ್ನೇ ಕಸುಬಾಗಿಸಿಕೊಂಡವಳ ಡೈರಿಯಲ್ಲಿ ಓದಲಾಗದ ಸಾಲೊಂದು ಅಷ್ಟು ವರ್ಷ ಕುಳಿತಿತ್ತು. ಫೋನಿನಿಂದ ಅದನ್ನು ಓದಿಸಬಹುದಿತ್ತು. ಓದಿಸಲಿಲ್ಲ. ಪರರ ಕಣ್ಣಿನಿಂದ ಕಲ್ಲು ಓದಿದವಳು ನಾನಲ್ಲ.

“ಗಂಜಿ ಕುಡಿಯೋ ವಯಸ್ಸಿನಾಗ ಕಾಂಜಿ ಕಲೀತಾಳಂತ,” ಎಂದು, ಆ ಜಪಾನಿ ಅಕ್ಷರಗಳ ಹೆಸರಿಗೇ ಪ್ರಾಸ ಕಟ್ಟಿ, ತಮ್ಮ ವಾಡಿಯಲ್ಲೆಲ್ಲ ಸಾರಿದ. ಸಾರಿದವನೇ ಮರುವಾರ ತನ್ನ ನೌಕರಿಯ ಕಾಲದ ಬೂಟಿನ ಐದು ಖಾಲಿ ಡಬ್ಬಿಗಳನ್ನು ತಂದುಕೊಟ್ಟ.

ಕ್ರಮ ಹೊಸದೇನಲ್ಲ. ಒಂದು ಕಾರ್ಡಿನ ಮುಂದೆ ಅಕ್ಷರ, ಹಿಂದೆ ಅದರ ಅರ್ಥ ಮತ್ತು ಉಚ್ಚಾರ. ನೆನಪಾದರೆ ಕಾರ್ಡು ಮುಂದಿನ ಡಬ್ಬಿಗೆ ಹೋಗುತ್ತದೆ, ಅಲ್ಲಿ ಇನ್ನಷ್ಟು ತಡವಾಗಿ ಅದರ ಸರದಿ ಬರುತ್ತದೆ. ಮರೆತರೆ ಮೊದಲ ಡಬ್ಬಿಗೆ ವಾಪಸು. ಮರೆಯುವ ಅಂಚಿನಲ್ಲಿ ನಿಂತಾಗಲೇ ಕೇಳಬೇಕು ಎಂಬುದು ಇದರ ಹಿಂದಿನ ತತ್ತ್ವ. ನನಗೆ ಅದು ಹಿಡಿಸಿತು. ಮರೆವನ್ನು ಅವಮಾನವೆಂದು ನೋಡದೆ ಅದಕ್ಕೊಂದು ವೇಳಾಪಟ್ಟಿ ಹಾಕಿಕೊಡುವ ವಿದ್ಯೆ ಇದು.

ಡಬ್ಬಿಗಳಿಗೆ ಊರಿನ ಹೆಸರು ಇಟ್ಟೆ. ಪ್ರತಿದಿನ ಕೇಳುವ ಡಬ್ಬಿ ಸೇಡಂ. ಮೂರನೇ ದಿನದ್ದು ಚಿತ್ತಾಪುರ, ಎಂಟನೇ ದಿನದ್ದು ವಾಡಿ, ಹದಿನೈದನೇ ದಿನದ್ದು ಶಹಾಬಾದ. ಇಲ್ಲಿಯವರೆಗೆ ರೈಲು ಹೋಗುವ ಸಾಲಿನಲ್ಲಿಯೇ ಇವೆ. ತಿಂಗಳಿಗೊಮ್ಮೆ ತೆರೆಯುವ ಕೊನೆಯ ಡಬ್ಬಿಗೆ ಚಿಂಚೋಳಿ ಎಂದು ಬರೆದೆ. ಅಲ್ಲಿಗೆ ರೈಲಿಲ್ಲ, ಬಸ್ಸಿನಲ್ಲಿಯೇ ಹೋಗಬೇಕು. ಸೇಡಂ ಡಬ್ಬಿಗೆ ಹಾಕಿದ ಮೊದಲ ಕಾರ್ಡು ಜಪಾನಿ ಅಕ್ಷರದ್ದಲ್ಲ. ಅದರ ಮುಂದೆ ‘ವಿಕಾರಿಯ ನಂತರ?’ ಎಂದು ಬರೆದಿದ್ದೆ.

ಕಾರ್ಡುಗಳಿಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ಹಾಳೆ ಬಳಸಿದೆ. ಕತ್ತರಿಸುವ ಮೊದಲು ಮುಹೂರ್ತದ ತಾರೀಖು, ವಾರ, ತಿಥಿ ತಾಳೆ ನೋಡದೆ ನನಗೆ ಕತ್ತರಿ ಆಡಿಸಲಾಗಲಿಲ್ಲ. ಚಿಂಚೋಳಿಯ ಒಂದು ಪತ್ರಿಕೆಯಲ್ಲಿ ವಾರ ಕೂಡಲಿಲ್ಲ. ಅದರಲ್ಲಿದ್ದ ಸಂಖ್ಯೆಗೆ ಫೋನು ಮಾಡಿದೆ. ಹುಡುಗಿಯ ತಂದೆ ಶಾಂತವಾಗಿ ಕೇಳಿ, “ಲಗ್ನ ಆಗಿ ಕೂಸು ಸೈತ ಹುಟ್ಟ್ಯದ ಅಕ್ಕೋರ. ಈಗ ವಾರ ತಗೊಂಡು ಏನ್ ಮಾಡೋಣ್ರಿ?” ಎಂದರು. ಆ ಪತ್ರಿಕೆಯನ್ನು ನಾನು ಕತ್ತರಿಸಲಿಲ್ಲ.

ಬೆಳಿಗ್ಗೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಗೆ ಮೊದಲ ಪಾಳಿಯವರನ್ನು ಒಯ್ಯುವ ಬಸ್ಸು ಮನೆಯ ಮುಂದೆ ಹಾದುಹೋದೊಡನೆ ಪಡಸಾಲೆಯಲ್ಲಿ ಕೂಡುತ್ತಿದ್ದೆ. ನಮ್ಮ ಎಲ್ಲ ಮನೆಗಳಂತೆ ನನ್ನ ಮನೆಗೂ ಶಹಾಬಾದಿ ಪರ್ಸಿಯ ನೆಲ. ಬೂದು ಬಣ್ಣದ ನುಣುಪು ಕಲ್ಲು. ಪಕ್ಕದಲ್ಲಿ ನೀರಿನ ತಂಬಿಗೆ. ಕಾರ್ಡಿನ ಅರ್ಥದ ಮಗ್ಗುಲನ್ನು ನೋಡಿ, ಬೆರಳು ಅದ್ದಿ, ಅಕ್ಷರವನ್ನು ಪರ್ಸಿಯ ಮೇಲೆ ಬರೆಯುವುದು. ಗೆರೆಗಳನ್ನು ಇಂಥದೇ ಅನುಕ್ರಮದಲ್ಲಿ ಎಳೆಯಬೇಕು. ನೀರು ಆರುವುದರೊಳಗೆ ಉಚ್ಚಾರವನ್ನೂ ಹೇಳಿ ಮುಗಿಸಬೇಕು. ಶ್ರಾವಣದಲ್ಲಿ ಅಕ್ಷರ ನಿಧಾನವಾಗಿ ಆರುತ್ತಿತ್ತು. ದೀಪಾವಳಿ ದಾಟಿದ ಮೇಲೆ ಒಣಗಾಳಿಗೆ ಕೊನೆಯ ಗೆರೆ ಎಳೆಯುವಾಗಲೇ ಮೊದಲ ಗೆರೆ ಮಾಯವಾಗುತ್ತಿತ್ತು. ಜೀವಮಾನವಿಡೀ ಅಕ್ಷರವನ್ನು ಹಿಡಿದಿಟ್ಟ ಕಲ್ಲುಗಳ ಜೊತೆ ಕಳೆದವಳಿಗೆ, ಅಕ್ಷರವನ್ನು ಉಳಿಸಿಕೊಳ್ಳಲು ಒಪ್ಪದ ಕಲ್ಲೊಂದು ಗುರುವಾಯಿತು.

ಕೆಲವು ಅಕ್ಷರಗಳು ಮೊದಲ ದಿನವೇ ನನ್ನವಾದವು. ‘ಕಾಲ’ ಎಂಬುದಕ್ಕೆ 時: ಎಡಕ್ಕೆ ಸೂರ್ಯ, ಬಲಕ್ಕೆ ದೇಗುಲ. ದೇಗುಲದ ಗೋಡೆಯಲ್ಲಿ ಕಾಲ ಹುಡುಕುತ್ತ ಮುದುಕಿಯಾದವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ‘ಮರೆ’ ಎಂಬುದಕ್ಕೆ 忘: ಕೆಳಗೆ ಹೃದಯ, ಅದರ ಮೇಲೆ ಇಲ್ಲವಾದದ್ದು. ಅದನ್ನು ಒಮ್ಮೆಯೂ ಮರೆಯಲಿಲ್ಲ, ಹಟದಿಂದ. ಆದರೆ ‘ಕಾಯು’ ಎಂಬ 待 ಮತ್ತು ‘ಹಿಡಿ’ ಎಂಬ 持 ನನ್ನನ್ನು ಗೋಳಾಡಿಸಿದವು. ಎರಡರ ಬಲಕ್ಕೂ ಅದೇ ದೇಗುಲ. ಎಡಕ್ಕೆ ಒಂದರಲ್ಲಿ ಹೆಜ್ಜೆ, ಇನ್ನೊಂದರಲ್ಲಿ ಕೈ. ಈ ಎರಡು ಕಾರ್ಡುಗಳು ವಾಡಿಯವರೆಗೆ ಹೋಗಿ, ಅಲ್ಲಿಂದ ಸೇಡಂಗೆ ಮರಳಿ, ಮತ್ತೆ ಹೊರಡುತ್ತಿದ್ದವು.

“ಈ ಎರಡು ಗಾಡಿಗೆ ವಾಡಿ ಹೊರಗ ಸಿಗ್ನಲ್ ಸಿಗವಲ್ದು,” ಎಂದು ತಮ್ಮ ಡಬ್ಬಿಯಲ್ಲಿ ಇಣುಕಿ ಹೇಳುತ್ತಿದ್ದ.

ಒಂದೇ ಸಾಕ್ಷಿಯನ್ನು ನಂಬಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಅದೇ ಅಕ್ಷರಗಳನ್ನು ಫೋನಿನ ಒಂದು ಆ್ಯಪ್‌ನಲ್ಲಿಯೂ ತುಂಬಿದ್ದೆ. ಅದರಲ್ಲಿ ಎಷ್ಟು ದಿನಕ್ಕೆ ಕೇಳಬೇಕೆಂಬುದನ್ನು ನಾವೇ ನಿಗದಿ ಮಾಡಬಹುದಿತ್ತು. ಅಲ್ಲಿಯೂ ಮೂರು, ಎಂಟು, ಹದಿನೈದು ಎಂದೇ ಕೊಟ್ಟೆ. ಬೆಳಿಗ್ಗೆ ಡಬ್ಬಿ, ಮಧ್ಯಾಹ್ನ ಊಟವಾದ ಮೇಲೆ ಫೋನು. ಡಬ್ಬಿಯ ತಾರೀಖುಗಳನ್ನು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಫೋನು ತನ್ನದನ್ನು ತಾನೇ ಬರೆದುಕೊಳ್ಳುತ್ತಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಕಾರ್ತಿಕದವರೆಗೂ ಮುಂದೂಡಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ನೋಡಿದಾಗ ಎರಡೂ ಕೂಡಲಿಲ್ಲ. ನಾನು ಬುಧವಾರ ಮುಗಿಸಿದ ಕಾರ್ಡನ್ನು ಫೋನು ಶುಕ್ರವಾರ ಕೇಳಿತ್ತು. ಇನ್ನೊಂದರಲ್ಲಿ ಮೂರು ದಿನದ ಅಂತರವಿತ್ತು. ಫೋನು ದಿನ ತಪ್ಪುವುದಿಲ್ಲ. ಹಾಗಾದರೆ ನೋಟುಬುಕ್ಕಿನಲ್ಲಿ ತಾರೀಖು ತಪ್ಪಾಗಿ ಬರೆದವಳು ನಾನೇ. ಇದ್ದ ದಿನಗಳನ್ನು ಕಳೆದುಕೊಳ್ಳುತ್ತಿದ್ದೇನೆ, ಕಳೆದುಕೊಳ್ಳುತ್ತಿರುವುದೂ ನನಗೆ ತಿಳಿಯುತ್ತಿಲ್ಲ. ಅದಾದ ಮೇಲೆ ಎರಡು ದಿನ ನಾನು ಪಡಸಾಲೆಯಲ್ಲಿ ಕೂಡಲಿಲ್ಲ. ರಿಜಿಸ್ಟರಿಗೆ ಬಟ್ಟೆ ಸುತ್ತಿ, ಚಿತ್ತಾಪುರಕ್ಕೆ ಒಯ್ಯುವ ಚೀಲದಲ್ಲಿ ಇಟ್ಟೂ ಆಗಿತ್ತು.

ತಮ್ಮ ಬಂದ. ಚೀಲ ನೋಡಿದ. ಏನೆಂದು ಕೇಳದೆ ನೋಟುಬುಕ್ಕು, ಫೋನು ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ಏರಿಸಿ, ಬಹಳ ಹೊತ್ತು ಬೆರಳಾಡಿಸಿದ.

“ಅಕ್ಕ, ಚಿತ್ತಾಪುರ ಡಬ್ಬಿಯಾಗ ಎಲ್ಲಾ ಕಾರ್ಡಿಗೂ ಒಂದ್ ದಿನ ಫರಕ ಅದ. ವಾಡಿಯಾಗ ಎರಡು. ಶಹಾಬಾದದಾಗ ಮೂರು. ಎಲ್ಲಾಕೂ ಅಷ್ಟಕ್ಕಷ್ಟೇ.”

“ಅದನ್ನೇ ನೋಡಿ ಚೀಲ ಕಟ್ಟೀನಿ.”

“ಯಾಕ ಕಟ್ಟಿದಿ? ಡ್ರೈವರ್ ತೂಕಡಿಸಿದ್ರ ಗಾಡಿ ಒಂದ್ ಸ್ಟೇಷನ್‌ಗೆ ಹತ್ ಮಿನಿಟ್ ಲೇಟ್, ಇನ್ನೊಂದ್ಕ ನಲವತ್. ಹಿಂಗ ಸ್ಟೇಷನ್‌ಗೆ ಒಂದರಂಗ ಲೇಟ್ ಆಗಲಿಕತ್ತದಂದ್ರ ಅದು ಡ್ರೈವರ್ ತಪ್ಪಲ್ಲ. ಟೈಮ್‌ಟೇಬಲ್ ತಪ್ಪು.”

ಹತ್ತಾರು ವರ್ಷ ಕಲ್ಲುಗಳ ನಡುವೆ ಕಳೆದವಳಿಗೆ ಹೊಳೆಯದೆ ಹೋದದ್ದನ್ನು ಅವನು ಚಾ ಬರುವ ಮೊದಲೇ ಹೇಳಿದ್ದ. ಮರೆವು ಇಷ್ಟು ಶಿಸ್ತಿನದಲ್ಲ. ಅದು ಮನಬಂದಂತೆ ಕದಿಯುತ್ತದೆ. ಡಬ್ಬಿಗೊಂದು ದಿನದಂತೆ ಎಣಿಸಿ ಒಯ್ಯುವುದಿಲ್ಲ.

ಕಾರಣ ಸಿಕ್ಕಿದ್ದು ಸನ್ನತಿಯ ಸಾಲಿನಲ್ಲಿ. ಅಷ್ಟರಲ್ಲಿ ಆ ಸಾಲಿನ ಮೊದಲ ಭಾಗವನ್ನು ಓದುವಷ್ಟು ಅಕ್ಷರ ನನ್ನಲ್ಲಿದ್ದವು. ನಿರೀಕ್ಷಿಸಿದ್ದಂತೆ ಅದು ತೇದಿ: ಚಕ್ರವರ್ತಿಯ ಆಳ್ವಿಕೆಯ ಹೆಸರು, ವರ್ಷ, ತಿಂಗಳು, ದಿನ. ಆಳ್ವಿಕೆ ಆರಂಭವಾದ ವರ್ಷವನ್ನು ಪುಸ್ತಕದಲ್ಲಿ ನೋಡಿ, ಅದಕ್ಕೆ ಸಾಲಿನ ಸಂಖ್ಯೆಯನ್ನು ಕೂಡಿಸಿದೆ. ನನ್ನ ಡೈರಿಯ ವರ್ಷಕ್ಕಿಂತ ಒಂದು ಹೆಚ್ಚು ಬಂತು. ತಿಂಗಳು ಸರಿ, ದಿನ ಸರಿ, ವರ್ಷ ಮಾತ್ರ ಒಂದು ಹೆಚ್ಚು. ಆ ಹಿರಿಯರು ಬರೆಯುವಾಗ ಪಕ್ಕದಲ್ಲಿಯೇ ನಿಂತಿದ್ದವಳು ನಾನು. ಅಲ್ಲಿ ಆಳ್ವಿಕೆ ಆರಂಭವಾದ ವರ್ಷವೇ ಒಂದನೆಯದು. ಕೂಡಿಸುವಾಗ ಒಂದು ಬಿಡಬೇಕು.

ನಾವು ದಿನ ಎಣಿಸುವುದೂ ಹಾಗೆಯೇ. ನನ್ನ ತಾಯಿ ಯಾವುದಕ್ಕೂ ದಿನ ಎಣಿಸುವಾಗ ಆ ದಿನವನ್ನೇ ಮೊದಲ ಬೆರಳಿಗೆ ಹಿಡಿಯುತ್ತಿದ್ದಳು. ಸೋಮವಾರದ ಸಂತೆ ಮತ್ತೆ ಎಂಟನೇ ದಿನಕ್ಕೆ ಎಂದರೆ ಮುಂದಿನ ಸೋಮವಾರವೇ. ಸಂತೆಗೆ ಬರುವ ಯಾರೂ ಮಂಗಳವಾರ ಬಂದು ಖಾಲಿ ಮೈದಾನ ನೋಡಿ ಹೋಗುವುದಿಲ್ಲ. ಡಬ್ಬಿಗಳನ್ನು ನಾನು ತಾಯಿಯ ಬೆರಳಿನಿಂದ ಎಣಿಸಿದ್ದೆ. ಫೋನು ಹಾಕಿದ ದಿನವನ್ನು ಬಿಟ್ಟು ಎಣಿಸಿತ್ತು. ಪ್ರತಿ ಡಬ್ಬಿಯಲ್ಲಿ ಒಂದು ದಿನ. ಮುಂದಿನ ಡಬ್ಬಿಯಲ್ಲಿ ಅದರ ಮೇಲೆ ಇನ್ನೊಂದು. ನಾನು ಯಾವ ದಿನವನ್ನೂ ಕಳೆದುಕೊಂಡಿರಲಿಲ್ಲ.

ಚೀಲದಿಂದ ರಿಜಿಸ್ಟರನ್ನು ತೆಗೆದೆ. ಸಂಚಾಲಕರು ತಪ್ಪೆಂದ ಎರಡು ಕಲ್ಲುಗಳಿಂದ ಕಾಗದದ ಮೇಲೆ ತೆಗೆದ ಪಡಿಯಚ್ಚುಗಳನ್ನು ಹರಡಿ ಮತ್ತೆ ಓದಿದೆ. ಶಕವರ್ಷದಲ್ಲಿಯೂ ಇದೇ ತೊಡಕು: ಕಲ್ಲು ಹೇಳುವುದು ಮುಗಿದ ವರ್ಷವನ್ನೋ, ನಡೆಯುತ್ತಿರುವ ವರ್ಷವನ್ನೋ ಎಂಬುದು ತಿಳಿಯದಿದ್ದರೆ ಒಂದು ವರ್ಷ ಆಚೀಚೆ ಆಗುತ್ತದೆ. ಒಂದರಲ್ಲಿ ಅವರು ಮುಗಿದ ವರ್ಷವನ್ನು ನಡೆಯುತ್ತಿರುವುದೆಂದು ಹಿಡಿದಿದ್ದರು. ವಾರ, ತಿಥಿ ಎರಡೂ ನನ್ನ ಪಕ್ಷದಲ್ಲಿದ್ದವು. ಇನ್ನೊಂದರಲ್ಲಿ ತಪ್ಪು ನನ್ನದೇ. ವರ್ಷ ಮುಗಿದಿತ್ತೆಂದು ಹೇಳುವ ಪದ ಸವೆದ ಅಂಚಿನಲ್ಲಿ ಇತ್ತು, ನಾನು ನೋಡಿರಲಿಲ್ಲ. ಹಳೆಯ ಟಿಪ್ಪಣಿಯಿಂದ ರಿಜಿಸ್ಟರಿಗೆ ಇಳಿಸಿದ ಆ ತಪ್ಪು ನಿವೃತ್ತಿಗೂ ಮೊದಲು, ಎಲ್ಲರೂ ನನ್ನ ನೆನಪನ್ನು ಹೊಗಳುತ್ತಿದ್ದ ಕಾಲದ್ದು. ಎರಡು ತಪ್ಪಿಗೂ ಒಂದೊಂದು ಕಾರ್ಡು ಮಾಡಿ ಸೇಡಂ ಡಬ್ಬಿಗೆ ಹಾಕಿದೆ.

ಮಾಘದಲ್ಲಿ ಸಂಚಾಲಕರು ಬಂದರು. ತಮ್ಮ ನೋಡಲೆಂದೇ ಬಂದಿದ್ದ. ಮುನ್ನೂರೂ ಕಾರ್ಡುಗಳು ಅಷ್ಟರಲ್ಲಿ ಬಂದು ಸೇರಿದ್ದ ಶಹಾಬಾದ, ಚಿಂಚೋಳಿ ಡಬ್ಬಿಗಳನ್ನು ಅವರ ಮುಂದಿಟ್ಟು ನಾನು ತಂಬಿಗೆಯ ಪಕ್ಕದಲ್ಲಿ ಕುಳಿತೆ.

“ನನಗ ಈ ಅಕ್ಷರ ಒಂದೂ ತಿಳಿಯಂಗಿಲ್ರಿ ಮೇಡಂ. ನೀವು ತಪ್ಪು ಬರದ್ರ ನನಗೆಂಗ ಗೊತ್ತಾಗ್ತದ?”

“ಕಾರ್ಡಿನ ಮ್ಯಾಲ ಅದ. ಗೆರಿ ಎಣಿಸ್ರಿ. ಕಲ್ಲಿಗೆ ಪಡಿಯಚ್ಚು ಹೆಂಗ ಹೊಂದಸ್ತೀರಿ, ಹಂಗ.”

ಹನ್ನೊಂದನೆಯದಕ್ಕೆ ತಪ್ಪಿದೆ. ಹತ್ತೊಂಬತ್ತನೆಯದಕ್ಕೆ ಮತ್ತೊಮ್ಮೆ. ಅಲ್ಲಿಂದ ಇಪ್ಪತ್ತೇಳರವರೆಗೆ ಒಂದೂ ತಪ್ಪಲಿಲ್ಲ. ಇಪ್ಪತ್ತೆಂಟನೆಯದು ‘ಕಾಯು’. ಬೆರಳು ಅದ್ದಿ ಬರೆದೆ. ಬರೆದು ಮುಗಿಸುವಾಗಲೇ ಗೊತ್ತಾಯಿತು: ಎಡಕ್ಕೆ ಹೆಜ್ಜೆ ಇರಬೇಕಾದಲ್ಲಿ ಕೈ ಬರೆದಿದ್ದೆ. ನೀರು ಆರುವವರೆಗೆ ಸುಮ್ಮನಿದ್ದರೆ ಅವರಿಗೆ ಕಾಣುತ್ತಿರಲಿಲ್ಲ.

“ತಪ್ಪ್ಯದ,” ಎಂದು ನಾನೇ ಹೇಳಿದೆ. “ಮೂರಾದುವು. ಇನ್ನ ಎರಡು ಕೇಳ್ರಿ.”

ಇಪ್ಪತ್ತೊಂಬತ್ತು ‘ಕಲ್ಲು’. ಮೂವತ್ತು ‘ಮರೆ’. ಎರಡನ್ನೂ ಅವರು ಕಾರ್ಡು ತಿರುಗಿಸಿ ಹಿಡಿಯುವ ಮೊದಲೇ ಬರೆದೆ.

ಸಂಚಾಲಕರು ಕಾರ್ಡುಗಳನ್ನು ಜೋಡಿಸಿ ಡಬ್ಬಿಯಲ್ಲಿಟ್ಟರು. ಎರಡು ಕಲ್ಲುಗಳ ಬಗ್ಗೆ ನಾನು ಬರೆದಿಟ್ಟ ಟಿಪ್ಪಣಿಯನ್ನು ಓದಿದರು, ಎರಡು ಸಲ. “ಒಂದು ನಂದು, ಒಂದು ನಿಮ್ದು,” ಎಂದರು. “ಹೌದ್ರಿ,” ಎಂದೆ. ರಿಜಿಸ್ಟರನ್ನು ಅವರು ಮುಟ್ಟಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನಿಂತರು. “ಸಿಟ್ಟಾಗಬ್ಯಾಡ್ರಿ ಮೇಡಂ. ವಿಕಾರಿ ಆದಮ್ಯಾಲ ಯಾವುದ್ರಿ?”

“ಆ ಕಾರ್ಡು ಚಿಂಚೋಳಿ ಡಬ್ಬಿಯಾಗ ಅದ. ಅದರ ಸರದಿ ಇವತ್ತಿಂದ ಹದಿನೈದನೇ ದಿನಕ್ಕ. ಅವತ್ತ ಬರ್ರಿ.”

ಅವರು ಹೋದ ಮೇಲೆ ತಮ್ಮ ಕೇಳಿದ: “ಖರೇ ಹೇಳು ಅಕ್ಕ, ನೆಪ್ಪ ಅದನೋ ಇಲ್ಲೋ?”

“ಸರದಿ ಬರ್ಲಿ,” ಎಂದೆ. ನೀರಿನ ಲೋಟ ಸರಿಸಿದ ಸಭೆಗೆ ಉತ್ತರ ಕೊಡಬೇಕಾದ ದಿನವನ್ನು ನಾನೇ ಗೊತ್ತುಮಾಡುತ್ತೇನೆ. ಕೇಳಿದವರು ಕೇಳಿದಾಗಲೆಲ್ಲ ಒಪ್ಪಿಸುವ ವಯಸ್ಸು ನನ್ನದಲ್ಲ.

ಸನ್ನತಿಯ ಸಾಲಿನ ಉಳಿದ ಭಾಗದಲ್ಲಿ ‘ಕಲ್ಲು’ ಎಂಬುದು ಸ್ಪಷ್ಟವಾಗಿದೆ. ಅದರ ಮುಂದಿನ ಅಕ್ಷರದ ಬಲಕ್ಕೆ ದೇಗುಲವಿದೆ, ಎಡಭಾಗವನ್ನು ಆ ಹಿರಿಯರು ಓಟದ ಕೈಬರಹದಲ್ಲಿ ಬರೆದಿದ್ದಾರೆ. ಕಲ್ಲು ಕಾಯುತ್ತದೆ ಎಂದು ಬರೆದರೋ, ಹಿಡಿದುಕೊಂಡಿದೆ ಎಂದು ಬರೆದರೋ, ನಾನು ತೀರ್ಮಾನಿಸಿಲ್ಲ. ಎರಡೂ ಪಾಠಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಹದಿನೈದನೇ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ನಾನು ಮೊದಲು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಅವರು ಬಂದುಹೋದ ದಿನವನ್ನೇ ಮೊದಲ ಬೆರಳಿಗೆ ಹಿಡಿದು ಎಣಿಸಿದೆ. ಸರಿಯಾಗಿತ್ತು. ಸಂಚಾಲಕರೂ ನಮ್ಮ ಕಡೆಯವರೇ; ಅವರೂ ಹಾಗೆಯೇ ಎಣಿಸಿ ಬಂದಿದ್ದರು. ಬಾಗಿಲು ತೆರೆದು, ಬರ್ರಿ ಎನ್ನುವ ಮೊದಲು, “ಶಾರ್ವರಿ,” ಎಂದೆ.

“ಪ್ಲವ,” ಎಂದು ಅದರ ಮುಂದಿನ ಹೆಸರು ಹೇಳುತ್ತ ಅವರು ಒಳಗೆ ಬಂದು ಕುಳಿತರು. ಚೀಲದಿಂದ ಹೊಸ ಕಲ್ಲೊಂದರ ಪಡಿಯಚ್ಚು ತೆಗೆದು ನನ್ನ ಮುಂದೆ ಬಿಡಿಸಿದರು. ನಾನು ರಿಜಿಸ್ಟರು ತೆರೆದೆ.